ಜಜ್ಜಿದ ಕಾಲು, ಆಕ್ಸಿಜನ್ ಚೇಂಬರ್, ಬಿಲ್ಲಿನ ಕಂತೆ

ಮೊನ್ನೆ ಡಾಕ್ಟರು "ಇನ್ನು ಚೇಂಬರ್ ಬೇಡ" ಅಂದು ಫೈಲ್ ಮುಚ್ಚಿದರು. ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ. ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿ, ಅಂದರೆ ಮುಚ್ಚಿದ ಚೇಂಬರಿನಲ್ಲಿ ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಕೊಡುವ, ಆಸ್ಪತ್ರೆಯವರು ಎಚ್‌ಬಿಒಟಿ ಅನ್ನುವ ಚಿಕಿತ್ಸೆ, ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ ದಿನವೇ "ಮಾಡಿಸ್ತೀರಾ, ಇಲ್ವಾ?" ಅಂತ ನಿರ್ಧಾರವನ್ನೂ ಕೇಳಿದರು. ನಿಮಗೂ ಹಾಗೇ ಆಗಿದ್ದರೆ ಇದು ಉಪಯೋಗಕ್ಕೆ ಬರಬಹುದು. ನಾನು ಡಾಕ್ಟರಲ್ಲ. ತುಮಕೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ವಯಸ್ಸು 46.

ದಾಬಸ್‌ಪೇಟೆಯ ಹತ್ತಿರ ಬೈಕಿನಿಂದ ಬಿದ್ದೆ. ಹಿಂದಿದ್ದ ಗೂಡ್ಸ್ ಗಾಡಿಯ ಚಕ್ರ ಎಡ ಪಾದದ ಮೇಲೆ ಹತ್ತಿ ಇಳಿಯಿತು. ಅದರ ಬಗ್ಗೆ ಇಷ್ಟು ಸಾಕು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಅದೇ ರಾತ್ರಿ ಗಾಯ ತೊಳೆದು, ಮೂಳೆಗೆ ಹೊರಗಿನಿಂದ ರಾಡ್ ಹಾಕಿ, ಹರಿದು ಮೇಲೆದ್ದಿದ್ದ ಚರ್ಮವನ್ನು ಕೂರಿಸಿ ಹೊಲಿದರು. ಮೂಳೆಯದು ಅಂಥ ಚಿಂತೆ ಇರಲಿಲ್ಲ. ಚರ್ಮ ಮತ್ತು ಮಾಂಸ ಜಜ್ಜಿಹೋಗಿದ್ದೇ ದೊಡ್ಡ ತಲೆನೋವು.

ಡ್ರೆಸ್ಸಿಂಗ್ ಬಿಚ್ಚಿದ ದಿನ ಪ್ಲಾಸ್ಟಿಕ್ ಸರ್ಜನ್ ಬಂದರು. ಪಾದದ ಮೇಲ್ಭಾಗದ ಚರ್ಮದ ಅಂಚು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವರು ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗ ಬಿಳಿಚಿಕೊಂಡಿತು. ಮತ್ತೆ ಬಣ್ಣ ಬರಲಿ ಅಂತ ಅವರು ಕಾಯುತ್ತಾ ನಿಂತರು, ನಾನು ಅವರ ಮುಖ ನೋಡುತ್ತಾ ಮಲಗಿದ್ದೆ. ಆ ಕಾಯುವಿಕೆ ಉದ್ದವಾದಷ್ಟೂ ನನ್ನ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯ್ತು.

"ರಕ್ತ ಹೋಗ್ತಾ ಇದೆ, ಆದ್ರೆ ಸಾಲ್ತಾ ಇಲ್ಲ" ಅಂದರು. "ದೊಡ್ಡ ರಕ್ತನಾಳ ಕಟ್ ಆಗಿದ್ರೆ ಚೇಂಬರ್‌ಗೆ ಕಳ್ಸಿ ಪ್ರಯೋಜನ ಇರ್ಲಿಲ್ಲ. ಅದನ್ನ ಜೋಡಿಸಲೇಬೇಕು. ಸತ್ತು ಹೋಗಿರೋ ಚರ್ಮಕ್ಕೂ ಅದು ಜೀವ ತರಲ್ಲ. ನಿಮ್ದು ಎರಡರ ಮಧ್ಯೆ ಇದೆ. ಇವತ್ತೇ ಶುರು ಮಾಡಿದ್ರೆ ಒಳ್ಳೇದು."

ಈ ಮಾತಿನ ಬೆಲೆ ಆಮೇಲೆ ಗೊತ್ತಾಯ್ತು. ಆಪರೇಷನ್ ಬದಲಿಗೆ ಆಕ್ಸಿಜನ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸತ್ತ ಮಾಂಸ ಕತ್ತರಿಸಿ ತೆಗೆಯುವುದು, ಊತ ಜಾಸ್ತಿಯಾಗಿ ಒಳಗೆ ಒತ್ತಡ ಏರಿದ್ದರೆ ಸೀಳಿ ಬಿಡಿಸುವುದು, ಆಂಟಿಬಯೋಟಿಕ್, ಇದೆಲ್ಲ ಆಗಲೇಬೇಕು. ಆಕ್ಸಿಜನ್ ಅದರ ಜೊತೆಗೆ. ಜಜ್ಜಿದ ಗಾಯಕ್ಕೆ ಅದನ್ನು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಆಗುವುದಾದರೆ ಮೊದಲ ಕೆಲವು ಗಂಟೆಗಳಲ್ಲೇ. ನನಗೆ ದಿನಗಳೇ ಕಳೆದಿದ್ದವು. ಜಜ್ಜಿದ ಗಾಯವಾಗಿ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದ್ದರೆ, ಎಚ್‌ಬಿಒಟಿ ಬೇಕಾಗಬಹುದಾ ಅಂತ ಮೊದಲ ದಿನವೇ ಕೇಳಿಬಿಡಿ. "ಬೇಡ" ಅಂದರೆ ಯಾಕೆ ಬೇಡ ಅಂತಲೂ ಕೇಳಿ. ಬಹಳಷ್ಟು ಗಾಯಗಳಿಗೆ ಇದರ ಅಗತ್ಯವೇ ಇರುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ನನ್ನ ಹೆಂಡತಿ ಕೇಳಿದಳು. ಚೇಂಬರ್ ಇದ್ದ ಸೆಂಟರಿನ ಡಾಕ್ಟರು ಗೋಲಿ ಸೋಡಾ ನೆನಪಿಸಿದರು. ಒತ್ತಡದಲ್ಲಿ ಗ್ಯಾಸ್ ನೀರಿನಲ್ಲಿ ಕರಗುತ್ತೆ ಅಲ್ವಾ, ಹಾಗೆ. ಸಾಮಾನ್ಯವಾಗಿ ನಮ್ಮ ರಕ್ತದಲ್ಲಿ ಆಕ್ಸಿಜನ್ ಹೊರುವುದು ಕೆಂಪು ರಕ್ತಕಣ. ರಕ್ತದ ನೀರಿನ ಭಾಗದಲ್ಲಿ ಕರಗಿರುವುದು ತೀರಾ ಕಡಿಮೆ, 100 ಎಂಎಲ್ ರಕ್ತಕ್ಕೆ ಸುಮಾರು 0.3 ಎಂಎಲ್. ಹೊರಗಿನ ಗಾಳಿಯ 3 ಪಟ್ಟು ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿದರೆ ಅದು 6 ಎಂಎಲ್ ಹತ್ತಿರ ಹೋಗುತ್ತದೆ. ಊತದಿಂದ ಕೂದಲೆಳೆಯಂಥ ರಕ್ತನಾಳಗಳು ಅದುಮಿಹೋಗಿ, ರಕ್ತಕಣ ಸರಿಯಾಗಿ ತಲುಪದ ಜಾಗಕ್ಕೂ ಈ ಕರಗಿದ ಆಕ್ಸಿಜನ್ ಇಳಿಯುತ್ತದೆ. ಜೊತೆಗೆ ಊತ ಇಳಿಯುತ್ತದೆ, ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಗೆ ಬಲ ಬರುತ್ತದೆ. ನನಗೆ ಇಟ್ಟದ್ದು 2.4 ಪಟ್ಟು ಒತ್ತಡ. ಸಮುದ್ರದಲ್ಲಿ ಸುಮಾರು 14 ಮೀಟರ್ ಆಳಕ್ಕೆ ಇಳಿದರೆ ಅಷ್ಟಾಗುತ್ತೆ ಅಂದರು.

ನನ್ನ ಭಾಮೈದನ ಮಗಳು ಎಂಬಿಬಿಎಸ್ ಓದುತ್ತಿದ್ದಾಳೆ. ಅವಳನ್ನೂ ಕೇಳಿದೆ. ಅವಳು ಹುಡುಕಿ ಕೊಟ್ಟದ್ದು ಫ್ರಾನ್ಸ್‌ನ ಡಾಕ್ಟರುಗಳು ಮಾಡಿ 1996ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಕೈಕಾಲು ಜಜ್ಜಿದ 36 ಜನ. ಆಪರೇಷನ್ ಎಲ್ಲರಿಗೂ ಆಗಿತ್ತು. 18 ಜನಕ್ಕೆ ನಿಜವಾದ ಚಿಕಿತ್ಸೆ, 18 ಜನಕ್ಕೆ ಚೇಂಬರಿನೊಳಗೆ ಬರೀ ಗಾಳಿ. ಯಾರಿಗೆ ಯಾವುದು ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಆಕ್ಸಿಜನ್ ಪಡೆದ 17 ಜನರ ಗಾಯ ಪೂರ್ತಿ ಮಾಗಿತು, ಇನ್ನೊಂದು ಗುಂಪಿನಲ್ಲಿ 10 ಜನರದು. ಮತ್ತೆ ಆಪರೇಷನ್ ಬೇಕಾದವರು ಒಂದು ಕಡೆ ಒಬ್ಬರು, ಇನ್ನೊಂದು ಕಡೆ 6 ಜನ. "ಮಾವ, ಸಣ್ಣ ಸ್ಟಡಿ ಇದು. ಆದ್ರೆ 40 ದಾಟಿದವರಲ್ಲಿ, ಗಾಯ ಜೋರಾಗಿರೋರಲ್ಲಿ ಲಾಭ ಜಾಸ್ತಿ ಕಂಡಿದೆ" ಅಂದಳು. ನಾನು ಎರಡಕ್ಕೂ ಸೇರಿದವನು. ಒಪ್ಪಿಕೊಂಡೆ.

ಒಪ್ಪಿದ್ದೇ ತಡ, ಓಡಾಟ ಶುರುವಾಯ್ತು. ನಾನಿದ್ದ ಆಸ್ಪತ್ರೆಯಲ್ಲಿ ಚೇಂಬರ್ ಇರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿದ್ದ ಸೆಂಟರಿಗೆ ಆಂಬ್ಯುಲೆನ್ಸ್‌ನಲ್ಲಿ ಹೋಗಿ ಬರಬೇಕು. ಮೊದಲ ಕೆಲವು ದಿನ ಬೆಳಿಗ್ಗೆ, ಸಂಜೆ ಎರಡು ಹೊತ್ತೂ. ಗೊರಗುಂಟೆಪಾಳ್ಯದ ಜಂಕ್ಷನ್ ದಾಟುವಷ್ಟರಲ್ಲಿ ನೋವಿನ ಇಂಜೆಕ್ಷನ್ ಪ್ರಭಾವ ಇಳಿದಿರುತ್ತಿತ್ತು. ನಾನು ಎರಡನೇ ದಿನವೇ ನರ್ಸ್ ಹತ್ತಿರ, "ಸಿಸ್ಟರ್, ಹೊರಡೋಕೆ ಅರ್ಧ ಗಂಟೆ ಮೊದಲು ಇಂಜೆಕ್ಷನ್ ಕೊಡಿ" ಅಂತ ಕೇಳಿಕೊಂಡೆ. ನೀವೂ ಕೇಳಿ, ಅವರಾಗಿಯೇ ನೆನಪಿಟ್ಟುಕೊಳ್ಳುವುದು ಕಷ್ಟ. ಚೇಂಬರ್ ಇರುವ ಆಸ್ಪತ್ರೆಗೇ ಶಿಫ್ಟ್ ಆಗುವುದು ಸಾಧ್ಯವಿದ್ದರೆ ಆಗಿಬಿಡಿ. ನನ್ನ ಸರ್ಜನ್ ಅವರ ಕೈಬಿಡಲು ಧೈರ್ಯ ಬರಲಿಲ್ಲ, ಅದಕ್ಕೆ ಓಡಾಟ ಒಪ್ಪಿಕೊಂಡೆ.

ಮೊದಲ ದಿನ ಸೆಂಟರಿಗೆ ಹೋದರೆ ಒಳಗೆ ಬಿಡಲಿಲ್ಲ. "ಎದೆಯ ಎಕ್ಸ್‌ರೇ ಹೊಸದು ಬೇಕು." ಅಡ್ಮಿಟ್ ಆದ ದಿನದ್ದು ಇದೆಯಲ್ಲ ಅಂದೆವು. ನಡೆಯಲ್ಲ ಅಂದರು. ನನ್ನ ಪಕ್ಕೆಗೂ ಪೆಟ್ಟು ಬಿದ್ದಿತ್ತು. ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಿದ್ದರೆ, ಅದಕ್ಕೆ ಟ್ಯೂಬ್ ಹಾಕದೆ ಚೇಂಬರಿಗೆ ಬಿಡುವ ಹಾಗಿಲ್ಲ. ಒತ್ತಡ ಇಳಿಸುವಾಗ ಆ ಗಾಳಿ ಹಿಗ್ಗಿ ಪ್ರಾಣಕ್ಕೇ ಕುತ್ತು. ಬೈದುಕೊಂಡೇ ಎಕ್ಸ್‌ರೇ ತೆಗೆಸಿದೆವು, ಅರ್ಧ ದಿನ ಹಾಳಾಯ್ತು. ಅವರು ಮಾಡಿದ್ದು ಸರಿಯೇ. ಆದರೆ ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಹೊರಡುವ ಮುಂಚೆ ನೀವೇ ಕೇಳಿ: ಎದೆಯ ಎಕ್ಸ್‌ರೇ, ಇಸಿಜಿ, ಶುಗರ್, ಬಿಪಿ, ಕಿವಿ ಪರೀಕ್ಷೆ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ, ಹಿಂದೆ ಕ್ಯಾನ್ಸರ್‌ಗೆ ಔಷಧಿ ತೆಗೆದುಕೊಂಡಿದ್ದರೆ ಅದರ ಕಾಗದ. ಫಿಟ್ಸ್ ಬರುತ್ತಿದ್ದರೆ, ಅಸ್ತಮಾ ಇದ್ದರೆ, ಜ್ವರ ಇದ್ದರೆ ಮುಚ್ಚಿಡಬೇಡಿ.

ಆಮೇಲೆ ಮೈಮೇಲಿನ ತಪಾಸಣೆ. ಟೆಕ್ನಿಷಿಯನ್ ನೌಕಾಪಡೆಯಲ್ಲಿದ್ದು ಬಂದವರು, ಗಟ್ಟಿ ಮನುಷ್ಯ. ತಲೆ ಮುಟ್ಟಿ ನೋಡಿ, "ಎಣ್ಣೆ ಹಾಕಿದ್ದೀರಾ ಸರ್?" ಅಂದರು. ಹೌದು, ಆಸ್ಪತ್ರೆಯಲ್ಲಿ ತಲೆ ಕಾಯುತ್ತೆ ಅಂತ ಹೆಂಡತಿ ಬೆಳಿಗ್ಗೆಯೇ ಕೊಬ್ಬರಿ ಎಣ್ಣೆ ತಟ್ಟಿದ್ದಳು. ಸ್ಟ್ರೆಚರ್ ಮೇಲೇ ಶಾಂಪೂ ಹಾಕಿ ತೊಳೆದರು. ಅಮ್ಮ ಕಟ್ಟಿದ್ದ ತಾಯಿತ ಬಿಚ್ಚಿಸಿದರು, ಉಡುದಾರವನ್ನೂ ಬಿಡಲಿಲ್ಲ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಮೊಬೈಲ್, ವಾಚ್, ಹಿಯರಿಂಗ್ ಏಡ್, ಲೈಟರ್, ಬಾಡಿ ಸ್ಪ್ರೇ, ವಿಕ್ಸ್, ಅಮೃತಾಂಜನ್, ವ್ಯಾಸಲೀನ್, ನೈಲ್ ಪಾಲಿಶ್ ಯಾವುದೂ ಇಲ್ಲ. ಪಾಲಿಯೆಸ್ಟರ್ ಬಟ್ಟೆ ಇಲ್ಲ, ಅವರೇ ಕೊಡುವ ಶುದ್ಧ ಹತ್ತಿಯ ಗೌನ್ ಮಾತ್ರ. ಡ್ರೆಸ್ಸಿಂಗ್‌ನಲ್ಲಿ ಜಿಡ್ಡಿನ ಮುಲಾಮು ಇದ್ದರೆ ಅದನ್ನೂ ತೆಗೆಯಬೇಕು. ಹಾಗಾಗಿ ವಾರ್ಡಿನಲ್ಲಿ ಡ್ರೆಸ್ಸಿಂಗ್ ಮಾಡುವವರಿಗೆ ಮೊದಲೇ ಹೇಳಿ. ಗಾಯದ ಕೀವು ನೀರು ಹೀರಿ ತೆಗೆಯುವ ವ್ಯಾಕ್ ಪಂಪ್ ಹಾಕಿದ್ದರೆ ಪಂಪನ್ನು ಹೊರಗೇ ಬಿಡಬೇಕು. ನನ್ನ ಕಾಲಿನ ರಾಡುಗಳಿಗೆ ಹತ್ತಿ ಟವೆಲ್ ಸುತ್ತಿದರು, ಚೇಂಬರಿನ ಗೋಡೆಗೆ ಗೀರು ಬೀಳದಿರಲಿ ಅಂತ.

ಆಕ್ಸಿಜನ್ ತುಂಬಿದ ಜಾಗದಲ್ಲಿ ಬೆಂಕಿ ಬೇಗ ಹತ್ತುತ್ತದೆ, ಅದಕ್ಕೇ ಇಷ್ಟೆಲ್ಲ. ಇದು ಅತಿಯಾಯ್ತು ಅಂತ ಅನ್ನಿಸಿದರೆ 1997ರ ಮಿಲಾನ್ ಬೆಂಕಿಯ ಬಗ್ಗೆ ಓದಿ. ಇಟಲಿಯ ಆ ಆಸ್ಪತ್ರೆಯಲ್ಲಿ ರೋಗಿಯೊಬ್ಬರು ಕೈ ಬೆಚ್ಚಗಿಡುವ ಪುಟ್ಟ ಸಾಧನವನ್ನು ಚೇಂಬರಿನೊಳಗೆ ತೆಗೆದುಕೊಂಡು ಹೋಗಿದ್ದರು. 11 ಜನ ಸತ್ತರು. ಯಾವ ಸೆಂಟರಿನಲ್ಲಿ ನಿಮ್ಮ ಜೇಬು ತಡಕುವುದಿಲ್ಲವೋ ಅಲ್ಲಿ ಮಲಗಬೇಡಿ, ಫೀಸು ಎಷ್ಟೇ ಕಡಿಮೆ ಇರಲಿ.

ಚೇಂಬರ್ ಎರಡು ಥರ. ಒಂದರಲ್ಲಿ ಹಲವರು ಕೂತು ಮಾಸ್ಕ್ ಅಥವಾ ತಲೆಗೆ ಪಾರದರ್ಶಕ ಮುಸುಕು ಹಾಕಿಕೊಳ್ಳುತ್ತಾರೆ. ಇನ್ನೊಂದು ಒಬ್ಬರಿಗೇ. ನನ್ನದು ಎರಡನೆಯದು, ದಪ್ಪ ಅಕ್ರಿಲಿಕ್ಕಿನ ಉದ್ದ ಕೊಳವೆ. ಟ್ರಾಲಿಯ ಮೇಲೆ ಮಲಗಿಸಿ, ಮಣಿಕಟ್ಟಿಗೆ ಅರ್ಥಿಂಗ್ ವಯರಿನ ಪಟ್ಟಿ ಕಟ್ಟಿ, ತಲೆ ಮುಂದಾಗಿ ಒಳಗೆ ತಳ್ಳುತ್ತಾರೆ. ಹಿಂದಿನಿಂದ ಬಾಗಿಲು ಮುಚ್ಚಿ ಹಿಡಿ ತಿರುಗಿಸುವ ಸದ್ದು ಕೇಳುತ್ತದೆ. ಆ ಹೊತ್ತಿಗೆ ನನಗೆ ಎದ್ದು ಓಡಿಬಿಡೋಣ ಅನ್ನಿಸಿತ್ತು, ಓಡೋಕೆ ಕಾಲೆಲ್ಲಿ? ಸುತ್ತ ಎಲ್ಲಾ ಕಾಣುತ್ತದೆ ಅನ್ನುವುದೊಂದೇ ಸಮಾಧಾನ. ಹೆಂಡತಿ ಕುರ್ಚಿ ಹಾಕಿಕೊಂಡು ನನ್ನ ಮುಖದ ನೇರಕ್ಕೆ ಕೂತಳು. ಇಂಟರ್‌ಕಾಮ್‌ನಲ್ಲಿ ಟೆಕ್ನಿಷಿಯನ್ ಮಾತಾಡುತ್ತಲೇ ಇದ್ದರು. ಇಕ್ಕಟ್ಟಿನ ಜಾಗ ಅಂದರೆ ನಿಮಗೆ ಭಯವಿದ್ದರೆ ಮೊದಲೇ ಹೇಳಿ, ಸಣ್ಣ ಡೋಸಿನ ಮಾತ್ರೆ ಕೊಡುತ್ತಾರೆ.

ಬುಸ್ಸ್ ಅಂತ ಗ್ಯಾಸ್ ತುಂಬತೊಡಗಿತು. ಒಳಗೆ ಸೆಕೆ ಏರಿತು. ಒಂದು ನಿಮಿಷದೊಳಗೆ ಕಿವಿ ಗವ್ ಅಂತ ಮುಚ್ಚಿಕೊಂಡವು. "ಮೂಗು ಹಿಡ್ಕೊಂಡು ಮೆಲ್ಲಗೆ ಊದಿ ಸರ್. ಜೋರಾಗಿ ಬೇಡ. ಎಂಜಲು ನುಂಗಿ. ಕಿವಿ ಓಪನ್ ಆಯ್ತಾ?" ಬಲಗಿವಿ ಪಟ್ ಅಂತ ತೆರೆಯಿತು. ಎಡಗಿವಿ ಇಲ್ಲ. ಕೈ ಎತ್ತಿದೆ. ಅವರು ತಕ್ಷಣ ಒತ್ತಡ ನಿಲ್ಲಿಸಿ, ಸ್ವಲ್ಪ ಇಳಿಸಿ, ಮತ್ತೆ ಏರಿಸಿದರು. ನೋವು ತಡೆದುಕೊಂಡು ಸುಮ್ನೆ ಮಲಗಬೇಡಿ. ಕಿವಿ ತಮಟೆಗೆ ಪೆಟ್ಟಾಗುವುದು ಈ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತೊಂದರೆ. ಕೈ ಎತ್ತಲು ನಾಚಿಕೆ ಬೇಡ.

ಒತ್ತಡ ಪೂರ್ತಿ ಏರಿದ ಮೇಲೆ ಮಾತ್ರ ಏನೂ ಇಲ್ಲ, ನಿಜವಾಗಿ ಬೇಜಾರು. ಗಂಟೆ, ಒಂದೂವರೆ ಗಂಟೆ ಉಸಿರಾಡುತ್ತಾ ಬಿದ್ದಿರುವುದು. ಹೊರಗೆ ಟಿವಿಯಲ್ಲಿ ಧಾರಾವಾಹಿ ಹಾಕಿದ್ದರು. ನಡುನಡುವೆ 5 ನಿಮಿಷ ಮಾಸ್ಕ್ ಹಾಕಿಕೊಂಡು ಮಾಮೂಲಿ ಗಾಳಿ ಉಸಿರಾಡಲು ಹೇಳುತ್ತಾರೆ. ಶುದ್ಧ ಆಕ್ಸಿಜನ್ ಒಂದೇ ಸಮನೆ ಜಾಸ್ತಿಯಾದರೆ ಅಪರೂಪಕ್ಕೆ ಫಿಟ್ಸ್ ಬರಬಹುದು, ಅದಕ್ಕೆ ಈ ಬಿಡುವು. ಕೊನೆಯಲ್ಲಿ ಒತ್ತಡ ಇಳಿಸುವಾಗ ಚಳಿ ಶುರು, ಗಾಜಿನೊಳಗೆ ಮಂಜು ಕಟ್ಟುತ್ತದೆ. ಆಗ ಉಸಿರು ಬಿಗಿಹಿಡಿಯಬಾರದು, ಮಾಮೂಲಾಗಿ ಬಿಡುತ್ತಿರಬೇಕು.

ಕಾಯುವ ಕೋಣೆಯಲ್ಲಿ ಪರಿಚಯವಾದವರು ಹಲವರು. ಕೋಲಾರದ ಕಡೆಯ ಒಬ್ಬ ಯಜಮಾನರು, ಶುಗರ್‌ನಿಂದ ಪಾದದ ಹುಣ್ಣು. ಪ್ರತಿ ಸಲ ಒಳಗೆ ಹೋಗುವ ಮುಂಚೆ ಅವರ ಬೆರಳು ಚುಚ್ಚಿ ಶುಗರ್ ನೋಡುತ್ತಿದ್ದರು, ಚೇಂಬರಿನೊಳಗೆ ಶುಗರ್ ಇಳಿಯುವುದುಂಟು. ಒಮ್ಮೆ ಕಡಿಮೆ ಇದೆ ಅಂತ ಜ್ಯೂಸ್ ಕುಡಿಸಿ ಕೂರಿಸಿದರು. ರೇಡಿಯೇಷನ್ ಆದ ಮೇಲೆ ದವಡೆ ಮಾಗದ ಒಬ್ಬರು. ಇದ್ದಕ್ಕಿದ್ದ ಹಾಗೆ ಒಂದು ಕಿವಿ ಕೇಳಿಸದಾದ ಹುಡುಗಿ. ಇವೆಲ್ಲ ಈ ಚಿಕಿತ್ಸೆ ಕೊಡಬಹುದು ಅಂತ ತಜ್ಞ ವೈದ್ಯರು ಒಪ್ಪಿದ ಕಾಯಿಲೆಗಳ ಪಟ್ಟಿಯಲ್ಲಿವೆ. ಬೀಡಿ ಸಿಗರೇಟಿನ ವಿಷಯಕ್ಕೆ ಮಾತ್ರ ಟೆಕ್ನಿಷಿಯನ್ ಯಾರಿಗೂ ರಿಯಾಯಿತಿ ಕೊಡುತ್ತಿರಲಿಲ್ಲ. "ಇಲ್ಲಿ ದುಡ್ಡು ಕೊಟ್ಟು ಆಕ್ಸಿಜನ್ ತಗೊಳ್ತೀರ, ಹೊರಗೆ ಹೋಗಿ ರಕ್ತನಾಳ ಮುಚ್ಕೊಳ್ತೀರ" ಅಂತ ನೇರವಾಗಿ ಬೈಯುತ್ತಿದ್ದರು.

ಅಲ್ಲೇ ಯಾರೋ ಒಂದು ಕರಪತ್ರ ಕೊಟ್ಟರು. ಮನೆಗೇ ತಂದುಕೊಡುವ ಗಾಳಿ ತುಂಬುವ ಮೃದು ಚೇಂಬರ್, ಬಾಡಿಗೆ ಅಗ್ಗ. ಡಾಕ್ಟರಿಗೆ ತೋರಿಸಿದೆ. ಅದರ ಒತ್ತಡ 1.3 ಪಟ್ಟು ಅಷ್ಟೇ, ನಿಮ್ಮ ಕಾಲಿಗೆ ಉಪಯೋಗವಿಲ್ಲ ಅಂದರು. ಆಟಿಸಂ, ಕ್ಯಾನ್ಸರ್, ವಯಸ್ಸು ಕಡಿಮೆ ಮಾಡುವುದು ಅಂತೆಲ್ಲ ಆ ಕಾಗದದಲ್ಲಿತ್ತು. ಇಂಥ ಮಾತುಗಳನ್ನು ನಂಬಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಜನರಿಗೆ ಎಚ್ಚರಿಕೆ ಕೊಟ್ಟಿದೆ.

ಮಧ್ಯದಲ್ಲಿ ನೆಗಡಿ ಬಂತು. ಮೂಗು ಕಟ್ಟಿದರೆ ಕಿವಿ ತೆರೆಯುವುದಿಲ್ಲ. ಆ ದಿನ ಅರ್ಧಕ್ಕೇ ಹೊರಗೆ ಎಳೆದರು. ವಿಕ್ಸ್ ಹಚ್ಚುವ ಹಾಗಿಲ್ಲ. ಇಎನ್‌ಟಿ ಡಾಕ್ಟರು ಮೂಗಿಗೆ ಹನಿ ಕೊಟ್ಟು, ಇದರಿಂದ ಆಗದಿದ್ದರೆ ಕಿವಿ ತಮಟೆಗೆ ಸಣ್ಣ ರಂಧ್ರ ಮಾಡಿ ಟ್ಯೂಬ್ ಇಡೋಣ ಅಂದರು. ಅದನ್ನು ಕೇಳಿ ನಾನು ಅತ್ತೇಬಿಟ್ಟೆ. ಕಾಲಿಗೆ ಬಂದವನಿಗೆ ಈಗ ಕಿವಿಯಲ್ಲೂ ತೂತು! ಪುಣ್ಯಕ್ಕೆ ಹನಿಯಲ್ಲೇ ಮುಗಿಯಿತು. ಆದರೆ ಚರ್ಮ ಉಳಿಸುವ ಅವಸರದಲ್ಲಿ ಒಂದೊಂದು ದಿನ ತಪ್ಪಿದಾಗಲೂ ಜೀವ ಹಿಂಡಿದ ಹಾಗಾಗುತ್ತಿತ್ತು. ನೆಗಡಿ ಇರುವ ನೆಂಟರನ್ನು ವಾರ್ಡಿನ ಬಾಗಿಲಲ್ಲೇ ತಡೆಯಿರಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಕಾಲು? ನೇರಳೆ ಅಂಚು ನಿಧಾನಕ್ಕೆ ಎರಡಾಗಿ ಬೇರ್ಪಟ್ಟಿತು. ಬೆರಳುಗಳ ಹತ್ತಿರದ ಒಂದು ಪಟ್ಟಿ ಪೂರ್ತಿ ಕಪ್ಪಾಗಿ ಒಣಗಿತು, ಹಿಂದಿನ ಭಾಗ ಗುಲಾಬಿ ಬಣ್ಣಕ್ಕೆ ಬಂತು. ಸರ್ಜನ್ ಕಪ್ಪು ಭಾಗವನ್ನು ಕತ್ತರಿಸಿ ತೆಗೆದು, ಕೆಳಗೆ ಕೆಂಪು ಮಾಂಸ ಬಂದ ಮೇಲೆ ತೊಡೆಯ ಚರ್ಮ ತಂದು ಕೂರಿಸಿದರು. ಕಿರುಬೆರಳು ಹೋಯಿತು. ಆಕ್ಸಿಜನ್ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಕೇಳಿದೆ. "ಒಂದೇ ಕಾಲಲ್ಲಿ ಎರಡೂ ಮಾಡಿ ನೋಡೋಕಾಗಲ್ವಲ್ಲ" ಅಂದರು. "ನಾನು ಕತ್ತರಿಸ್ಬೇಕು ಅಂದ್ಕೊಂಡಿದ್ದಕ್ಕಿಂತ ಕಡಿಮೆ ಕತ್ತರಿಸಿದೆ, ಅಷ್ಟು ಹೇಳಬಲ್ಲೆ." ಆ ಉತ್ತರ ನನಗೆ ಸಾಕು.

ಇನ್ನೊಂದು ವಿಚಿತ್ರ. ಸೆಷನ್‌ಗಳು ಜಾಸ್ತಿಯಾದ ಹಾಗೆ ಪೇಪರ್ ಓದಲು ಕನ್ನಡಕ ಬೇಡವಾಯಿತು! ಖುಷಿಪಟ್ಟೆ. ಆಮೇಲೆ ನೋಡಿದರೆ ದೂರದ ಬೋರ್ಡುಗಳು ಮಸುಕು. ಕಣ್ಣಿನ ಮಸೂರದ ಮೇಲೆ ಆಕ್ಸಿಜನ್ ಪರಿಣಾಮವಂತೆ. ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಅಲ್ಲಿವರೆಗೆ ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ. ನನ್ನದು ಇನ್ನೂ ಪೂರ್ತಿ ಸರಿಯಾಗಿಲ್ಲ.

ಈಗ ದುಡ್ಡಿನ ವಿಷಯ. ನನಗೆ ಒಂದು ಸೆಷನ್‌ಗೆ 4,500 ರೂಪಾಯಿ ಹಿಡಿದರು, ಆಂಬ್ಯುಲೆನ್ಸ್ ಹೋಗಿ ಬರಲು 2,500. ಚಿಕಿತ್ಸೆಯ ಖರ್ಚಿಗೆ ತಯಾರಾಗಿದ್ದೆವು, ಓಡಾಟದ ಖರ್ಚು ಸುಸ್ತು ಮಾಡಿತು. ಮೊದಲು ಹೇಳಿದ ಸೆಷನ್‌ಗಳಿಗಿಂತ ಜಾಸ್ತಿಯೇ ಬೇಕಾಯಿತು, ಹಾಗಾಗಿ ಒಮ್ಮೆಗೇ ಪ್ಯಾಕೇಜ್ ಮಾತಾಡಿ. ಮಧ್ಯದಲ್ಲಿ ನಿಲ್ಲಿಸಿದರೆ ಉಳಿದ ದುಡ್ಡು ವಾಪಸ್ ಕೊಡುತ್ತಾರಾ ಅಂತ ಬರೆಸಿಕೊಳ್ಳಿ.

ಇನ್ಶೂರೆನ್ಸ್ ಇದೆ ಅಂತ ಧೈರ್ಯದಲ್ಲಿದ್ದೆವು. ಆಪರೇಷನ್, ವಾರ್ಡ್ ಎಲ್ಲಾ ಕ್ಯಾಶ್‌ಲೆಸ್ ಆಯಿತು. ಚೇಂಬರಿನದು ಮಾತ್ರ ರಿಜೆಕ್ಟ್. ಪಾಲಿಸಿ ತೆಗೆದು ನೋಡಿದರೆ, ಕೊಡದ ಚಿಕಿತ್ಸೆಗಳ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿ ಅಂತ ಹೆಸರು ಹಾಕಿಯೇ ಬರೆದಿತ್ತು. ಬಹಳ ಪಾಲಿಸಿಗಳಲ್ಲಿ ಈ ಸಾಲು ಇದೆ. ನಿಮ್ಮದನ್ನು ಇವತ್ತೇ ತೆಗೆದು ನೋಡಿ. ಆ ಸಾಲು ಇಲ್ಲದಿದ್ದರೆ, ಸರ್ಜನ್ ಕೈಯಲ್ಲಿ ಒಂದು ಪತ್ರ ಬರೆಸಿಕೊಳ್ಳಿ: ಯಾವ ಗಾಯ, ಚರ್ಮದ ಸ್ಥಿತಿ ಹೇಗಿದೆ, ಯಾಕೆ ಎಚ್‌ಬಿಒಟಿ, ಎಷ್ಟು ಸೆಷನ್. "ಅಡ್ವೈಸ್ಡ್ ಎಚ್‌ಬಿಒಟಿ" ಅಂತ ಒಂದೇ ಸಾಲು ಗೀಚಿದ ಚೀಟಿ ಟಿಪಿಎ, ಅಂದರೆ ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮ್ ನೋಡುವವರ ಮುಂದೆ ನಿಲ್ಲುವುದಿಲ್ಲ. ಡ್ರೆಸ್ಸಿಂಗ್ ಬಿಚ್ಚಿದಾಗಲೆಲ್ಲ ತಾರೀಖು ಕಾಣುವ ಹಾಗೆ ಗಾಯದ ಫೋಟೋ ತೆಗೆಯಿರಿ. ನೋಡಲು ನನಗೇ ಆಗುತ್ತಿರಲಿಲ್ಲ, ಹೆಂಡತಿ ತೆಗೆದಿಟ್ಟಳು.

ರಸ್ತೆ ಅಪಘಾತವಾದವರಿಗೆ 2025ರಲ್ಲಿ ಬಂದ ಕೇಂದ್ರದ ಕ್ಯಾಶ್‌ಲೆಸ್ ಯೋಜನೆ ಇದೆ. ಅಪಘಾತವಾದ ದಿನದಿಂದ 7 ದಿನದವರೆಗೆ, ಒಬ್ಬರಿಗೆ ಒಂದೂವರೆ ಲಕ್ಷದ ತನಕ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ. ನನ್ನ ಚೇಂಬರ್ ಇದ್ದ ಸೆಂಟರ್ ಆ ಪಟ್ಟಿಯಲ್ಲಿರಲಿಲ್ಲ. ಕೆಲಸದ ಜಾಗದಲ್ಲಿ ಗಾಯವಾಗಿದ್ದರೆ ದಾರಿಯೇ ಬೇರೆ. ಇಎಸ್‌ಐ ಇದ್ದವರು ಖಾಸಗಿ ಸೆಂಟರಿಗೆ ದುಡ್ಡು ಕಟ್ಟುವ ಮೊದಲು ಅಲ್ಲಿಂದ ರೆಫರಲ್ ಕೇಳಿ.

ಮಿಕ್ಕ ಖರ್ಚನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಳಿದ್ದೇವೆ. ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ ಬೇಕು ಅಂತ ಗೊತ್ತಿತ್ತು. ಪ್ರತಿ ಸೆಷನ್ನಿನ ಚಾರ್ಟ್ ಕೂಡ, ಅಂದರೆ ತಾರೀಖು, ಒತ್ತಡ, ಎಷ್ಟು ಹೊತ್ತು, ಡಾಕ್ಟರ ಸಹಿ, ಕೇಳಬೇಕು ಅಂತ ಲಾಯರ್ ಹೇಳಿದ ಮೇಲೆ ತಿಳಿಯಿತು. ಮತ್ತೆ ಸೆಂಟರಿಗೆ ಹೋಗಿ ರೆಕಾರ್ಡ್ ರೂಮಿನ ಮುಂದೆ ಊರುಗೋಲು ಹಿಡಿದು ಕಾದೆ. ಆಂಬ್ಯುಲೆನ್ಸ್‌ನವರ ಹತ್ತಿರವೂ ಪ್ರತಿ ಸಲ ರಸೀದಿ ತೆಗೆದುಕೊಳ್ಳಿ. ಒಬ್ಬ ಡ್ರೈವರ್ "ಅಣ್ಣಾ, ಫೋನ್‌ಪೇ ಮಾಡಿದ್ದೀರಲ್ಲ, ಅದೇ ಸಾಕು" ಅಂದ. ಸಾಕಾಗಲಿಲ್ಲ. ಅರ್ಜಿಗೆ ಅಪಘಾತವಾದ ದಿನದಿಂದ 6 ತಿಂಗಳು ಅಂತ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಗಿದೆ. ಗಾಯ ಮಾಗಲಿ ಆಮೇಲೆ ನೋಡೋಣ ಅಂತ ಕೂರಬೇಡಿ. ಒರಿಜಿನಲ್ ಬಿಲ್ಲುಗಳನ್ನು ಲಾಯರ್ ಕೈಗೆ ಕೊಡುವ ಮುಂಚೆ ಎರಡು ಸೆಟ್ ಜೆರಾಕ್ಸ್ ಮಾಡಿಸಿ. ಥರ್ಮಲ್ ಪೇಪರಿನ ಬಿಲ್ಲುಗಳನ್ನು ಮೊದಲು ಮಾಡಿಸಿ, ಅವುಗಳ ಅಕ್ಷರ ಬೇಗ ಅಳಿಸಿಹೋಗುತ್ತದೆ.